ನಾನು ಗೇಟು ತೆಗೆಯಲಿಲ್ಲ

ಕ್ಷಯದ ಆಸ್ಪತ್ರೆಯಿಂದ ಬಂದವನು ಬಡಕಲಾಗಿ ಬರಬೇಕೆಂಬುದು ಜನರ ಲೆಕ್ಕ. ನಾನು ದಪ್ಪಗಾಗಿ ಬಂದೆ. ಅಲ್ಲಿ ದಿನಾ ಹಾಲು, ತತ್ತಿ ಕೊಟ್ಟು, ಸೂಜಿ ಚುಚ್ಚಿ, ಹಾಸಿಗೆ ಬಿಟ್ಟು ಏಳಗೊಡದೆ ತಿಂಗಳುಗಟ್ಟಲೆ ಮಲಗಿಸಿದ್ದರು. ಖಾಕಿ ಅಂಗಿಯ ಗುಂಡಿ ಹೊಟ್ಟೆಯ ಹತ್ತಿರ ಹತ್ತಲೊಲ್ಲದು. ಹಂಸಭಾವಿಯ ಮನೆಯಲ್ಲಿ ನನ್ನ ಹೆಂಡತಿ ಅಂಗಿಯ ಬಗಲ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಳು.

"ಈ ಹೊಟ್ಟಿ ಒಂದ ಸಾಕ್ಷಿ ಸಾಕಲ್ರಿ ನಿಮ್ಮ ಸಾಹೇಬರಿಗೆ? ಕಾಗದ ಯಾಕ ಬೇಕು?" ಅಂದಳು.

ಕಾಗದವೂ ಇತ್ತು. ಕಫ ಪರೀಕ್ಷೆ ಮತ್ತೆ ಮತ್ತೆ ಮಾಡಿ, ರೋಗ ಹೋಗಿದೆ, ಇವನು ತನ್ನ ಮೊದಲಿನ ಕೆಲಸಕ್ಕೆ ಯೋಗ್ಯ ಎಂದು ದೊಡ್ಡ ಡಾಕ್ಟರು ಸಹಿ ಮಾಡಿ ಕೊಟ್ಟಿದ್ದರು. ನನ್ನ ಮೊದಲಿನ ಕೆಲಸ ಸರಕಾರಿ ಬಸ್ಸಿನ ಕಂಡಕ್ಟರಿಕೆ. ಹೊಸ ಪೈಸೆ ಚಲಾವಣೆಗೆ ಬಂದು ಜನರಿಗೆ ಆಣೆಯ ಗುಂಗು ಇನ್ನೂ ಬಿಟ್ಟಿರದ ಕಾಲ ಅದು. ನಮ್ಮ ಡಿಪೋ ಇದ್ದ ಊರಿನ ಹೆಸರು ಬೇಡ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆಗೆ ಅಲ್ಲಿಂದ ಗಾಡಿ ಹೊರಡುತ್ತಿದ್ದವು ಅಂದರೆ ಸಾಕು. ರಜೆಗೆ ಹೋಗುವ ಮುಂಚೆ ನಾನು ಸವಣೂರು-ಶಿಗ್ಗಾಂವಿ-ದುಂಡಸಿ ವಸ್ತಿ ಗಾಡಿಯ ಕಂಡಕ್ಟರನಾಗಿದ್ದೆ. ವಸ್ತಿ ಗಾಡಿ ಅಂದರೆ ಸಂಜೆ ಹಳ್ಳಿಗೆ ಹೋಗಿ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ತಿರುಗಿ ಬರುವ ಬಸ್ಸು.

ಡಿಪೋದ ಗೇಟು ದಾಟಿದೊಡನೆ ಮೊದಲು ಕೇಳಿದ ಮಾತು "ಪಾಪ". ವರ್ಕ್‌ಶಾಪಿನವರು ಪಾಪ ಅಂದರು, ಚಕ್ರಕ್ಕೆ ಗಾಳಿ ಹೊಡೆಯುವವನು ಪಾಪ ಅಂದ. ಅಂದವರು ಯಾರೂ ಹತ್ತಿರ ಬರಲಿಲ್ಲ. ನನಗೆ ಬೈಗುಳ ಅರಗುತ್ತದೆ, ಪಾಪ ಅರಗುವುದಿಲ್ಲ. ಬೈದವನ ಜೊತೆ ಜಗಳವಾಡಬಹುದು, ಪಾಪ ಅಂದವನ ಜೊತೆ ಏನು ಮಾಡುವುದು?

ನಾಳೆ ಯಾರಿಗೆ ಯಾವ ಗಾಡಿ ಎಂದು ಬರೆಯುವ ಕರಿಹಲಗೆ ಆಫೀಸಿನ ಮೆಟ್ಟಿಲ ಹತ್ತಿರ ಇತ್ತು. ಡ್ಯೂಟಿ ಹಾಕುವ ಕಾರಕೂನ ನನ್ನ ಮುಖ ನೋಡದೆ, ಹೋಗಿ ಸಾಹೇಬರನ್ನು ಕಾಣಲು ಹೇಳಿದ. ಡಿಪೋದ ಸಾಹೇಬರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ನೋಡಪಾ, ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ," ಅಂದರು. "ಗೇಟಿನ್ಯಾಗ ಕುಂಡ್ರು. ನೆರಳೈತಿ, ಸ್ಟೂಲ ಐತಿ. ಗಾಡಿ ಬಂದ್ರ ತೆಗಿ, ಹೋದ್ರ ಹಾಕು. ಇದರಷ್ಟು ಹಗರ ಕೆಲಸ ಎಲ್ಲಿ ಸಿಗತೈತಿ?"

"ಡಾಕ್ಟರು ಯಾವ ಕೆಲಸಕ್ಕ ಯೋಗ್ಯ ಅಂತ ಬರದಾರ್ರಿ ಸಾಹೇಬ್ರ?"

"ಮದಲಿನ ಕೆಲಸಕ್ಕ ಅಂತ ಬರದಾರ. ಡಾಕ್ಟರು ಬಸ್ಸಿನ್ಯಾಗ ಕುಂಡ್ರಾಂಗಿಲ್ಲ, ಜನ ಕುಂಡ್ರತಾರ. ಒಂದ ಮಾತ ಕೇಳ್ತೇನಿ, ಖರೇ ಹೇಳು. ಟಿಕೀಟ ಹರಿಯೂ ಮುಂದ ಹೆಬ್ಬಟ್ಟ ಎಲ್ಲಿ ಮುಟ್ಟಸ್ತಿ?"

ಆಗ ನಮಗೆ ತಗಡಿನ ಟ್ರೇಯಲ್ಲಿ ಸಾಲಾಗಿ ಟಿಕೆಟ್ಟಿನ ಕಟ್ಟು ಸಿಕ್ಕಿಸಿ ಕೊಡುತ್ತಿದ್ದರು. ತೆಳು ಕಾಗದ, ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು. ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸುವುದು, ಒಂದನ್ನು ಜಾರಿಸಿ ಹರಿಯುವುದು, ಪಂಚಿನಿಂದ ಚುಚ್ಚುವುದು, ಕೊಡುವುದು. ಎಲ್ಲ ಕಂಡಕ್ಟರರೂ ಹೀಗೆಯೇ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೆ. ತುಂಬಿದ ಗಾಡಿಯಲ್ಲಿ ಬೆರಳು ಬಾಯಿಗೆ ಎಷ್ಟು ಸಲ ಹೋಗುತ್ತಿತ್ತೋ ದೇವರೇ ಬಲ್ಲ.

"ನಿನ್ನ ಉಗುಳ ಊರ ಮಂದಿ ಕಿಸೇದಾಗ ಹೊಕ್ಕೈತಿ. ನಾಕ ಮಂದಿ ಬಂದು ಹೇಳಿ ಹೋಗ್ಯಾರ, ಅಂವ ತಿರುಗಿ ಬಂದ್ರ ನಾವು ಗಾಡಿ ಹತ್ತಾಂಗಿಲ್ಲ ಅಂತ," ಅನ್ನುತ್ತ ಸಾಹೇಬರು ಒಂದು ಹಾಳೆ ಮುಂದಿಟ್ಟರು. ನನ್ನ ಸ್ವಂತ ಇಚ್ಛೆಯಿಂದ ಕಾವಲುಗಾರನ ಕೆಲಸ ಒಪ್ಪಿಕೊಂಡಿದ್ದೇನೆ ಎಂದು ಅದರಲ್ಲಿತ್ತು. ಸಹಿ ಒಂದೇ ಬಾಕಿ. ನಾಳೆ ಹೇಳುತ್ತೇನೆಂದು ಎದ್ದು ಬಂದೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಹುಬ್ಬಳ್ಳಿಯ ಕಡೆಯ ಗಿರಣಿ ಕಾರ್ಮಿಕನೊಬ್ಬ ಇದ್ದ. ಸಂಪು, ತಕರಾರು, ವಿಚಾರಣೆ ಎಲ್ಲ ಉಂಡು ತೇಗಿದ ಮನುಷ್ಯ. ಅವನು ನನ್ನ ಕಸುಬಿನ ಭಾಷೆಯಲ್ಲೇ ಹೇಳಿಕೊಟ್ಟಿದ್ದ: "ರಜಾ ಅಂದ್ರ ಸೀಟಿನ ಮ್ಯಾಲ ಟುವ್ವಾಲ ಹಾಕಿ ಕೆಳಗ ಇಳದಂಗ. ಟುವ್ವಾಲ ಇರೂತನಕ ಸೀಟ ನಿಂದ. ಆದ್ರ ನೀನ ಹೋಗಿ ಮತ್ತೊಂದು ಸೀಟಿನ್ಯಾಗ ಕುಂತಿ ಅಂದ್ರ, ಆ ಟುವ್ವಾಲ ಯಾರ ಕಾಯ್ತಾರ? ಬ್ಯಾರೆ ಕೆಲಸ ಕೊಟ್ರ ಮುಟ್ಟಬ್ಯಾಡ. ಒಂದು ಕಸಬರಗಿ ಸೈತ ಎತ್ತಬ್ಯಾಡ. ಎತ್ತಿದಿ ಅಂದ್ರ ಒಪಗೊಂಡಿ ಅಂತಾರ. ಸಿಟ್ಟಿಗೆದ್ದು ಮನಿಗೂ ಹೋಗಬ್ಯಾಡ. ಹೋದಿ ಅಂದ್ರ ಗೈರಹಾಜರಿ ಅಂತಾರ."

ಆಗ ಮಲಗಿದಲ್ಲೇ ನಕ್ಕಿದ್ದೆ. ಈಗ ನಗು ಬರಲಿಲ್ಲ. ಸಾಹೇಬರ ಮಾತಿನಲ್ಲಿ ಸುಳ್ಳೇನಿತ್ತು? ನನ್ನ ಬೆರಳು ನೋಡಿಕೊಂಡರೆ ನನಗೇ ಹೇಸಿಗೆಯಾಯಿತು. ಸಹಿ ಮಾಡಿಬಿಡಲೇ ಎಂಬ ಮನಸ್ಸೂ ಬಂತು. ಆ ಮನಸ್ಸಿನಲ್ಲೇ ಕ್ಯಾಂಟೀನಿಗೆ ಹೋಗಿ ಚಹಾ ಕೇಳಿದೆ.

ಕ್ಯಾಂಟೀನಿನವನು ಸಾಲಾಗಿ ಇಟ್ಟ ಗಾಜಿನ ಗ್ಲಾಸುಗಳ ಕಡೆ ಕೈ ಚಾಚಿ, ನಿಲ್ಲಿಸಿ, ಹೊರಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ಕಪ್ಪು ತೆಗೆದು ಅದರಲ್ಲಿ ಹೊಯ್ದ. ಅಂಚು ಒಡೆದ ಪಿಂಗಾಣಿ ಕಪ್ಪು. ನಾನು ಅದನ್ನು ಹಿಡಿದುಕೊಂಡು ನಿಂತಿದ್ದಾಗ ಬಸ್ಸು ತೊಳೆಯುವವನು ಬಂದ. ಗೋಡೆಯ ಬರಿ ಮೊಳೆ ನೋಡಿದ, ನನ್ನ ಕೈ ನೋಡಿದ.

"ಅದು ನನ್ನ ಕಪ್ರೀ," ಅಂದ. "ನೀವು ತಗೊಂಡ್ರ ನಾ ಯಾತರಾಗ ಕುಡೀಲಿ?"

ಅವನ ಮನೆಯವರು ಬುದ್ಧನ ದಾರಿ ಹಿಡಿದು ಕೆಲವು ವರ್ಷವಾಗಿತ್ತು. ಕ್ಯಾಂಟೀನಿನ ಮೊಳೆಗೆ ಆ ಸುದ್ದಿ ಮುಟ್ಟಿರಲಿಲ್ಲ. ನಾನು ದಿನಾ ಅದೇ ಗೋಡೆಯ ಮುಂದೆ ಚಹಾ ಕುಡಿದವನು. ಆ ಕಪ್ಪು ಯಾರದೆಂದು ಒಮ್ಮೆಯೂ ಕೇಳಿರಲಿಲ್ಲ. ಗೇಟಿನ ಕೆಲಸಕ್ಕೆ ಸಹಿ ಕೇಳುತ್ತಿದ್ದಾರೆ, ಮಾಡಲೋ ಬಿಡಲೋ ಅನ್ನುವುದನ್ನು ಅವನ ಮುಂದೆ ಹೇಳಿಬಿಟ್ಟೆ.

ಅವನು ಬಕೆಟ್ಟು ಕೆಳಗಿಟ್ಟ. "ಮೊಳಿಗೆ ತೂಗಹಾಕೂದು ಸಸಾರರಿ. ಇಳಸೂದು ಬಾಳ ತ್ರಾಸು. ನಮ್ಮಪ್ಪನ ಕಾಲದ್ದು ನಂದು ಇನ್ನೂ ಇಳದಿಲ್ಲ. ನಿಮ್ಮದು ಇನ್ನೂ ಏರಿಲ್ಲಲ್ಲ, ಯಾಕ ಏರಸ್ತೀರಿ?"

ಮರುದಿನ ಸಾಹೇಬರ ಮುಂದೆ ಹೋಗಿ, ಸಹಿ ಮಾಡುವುದಿಲ್ಲ ಅಂದೆ.

"ಹಂಗಾರ ಮನಿಗೆ ಹೋಗು."

"ಮನಿಗೂ ಹೋಗಾಂಗಿಲ್ರಿ. ಡ್ಯೂಟಿಗೆ ಬಂದೇನಿ. ಕೊಡೂತನಕ ಹಲಗಿ ಮುಂದ ನಿಂದರತೇನಿ."

ನಿಂತೆ. ಬೆಳಿಗ್ಗೆ ಮೊದಲ ಗಾಡಿ ಹೊರಡುವ ಮುಂಚೆ ಖಾಕಿ ತೊಟ್ಟು ಬರುವುದು, ಕಾರಕೂನನಿಗೆ "ಹಾಜರ್ರಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳುವುದು, ಕರಿಹಲಗೆಯ ಕೆಳಗೆ ನಿಲ್ಲುವುದು, ಸಂಜೆ ವಸ್ತಿ ಗಾಡಿಗಳೆಲ್ಲ ಹೋದ ಮೇಲೆ ಡಿಪೋದ ಊರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆಗೆ ಮರಳುವುದು. ಕಾರಕೂನ ದಿನಾ ನನ್ನ ತಲೆಯ ಮೇಲೆ ಕೈ ಚಾಚಿ ಬೇರೆಯವರ ಹೆಸರು ಬರೆಯುತ್ತಿದ್ದ. ಸುಣ್ಣದ ಕಡ್ಡಿಯ ಪುಡಿ ನನ್ನ ಟೋಪಿಯ ಮೇಲೆ ಬೀಳುತ್ತಿತ್ತು. ಗೆಳೆಯ ಕಂಡಕ್ಟರರು ನನಗೆ "ಲೈಟಿನ ಕಂಬ" ಎಂದು ಹೆಸರಿಟ್ಟರು. ಇಡಲಿ. ಕಂಬವನ್ನು ಯಾರೂ ಗೇಟಿಗೆ ಕಳಿಸುವುದಿಲ್ಲ.

ಕೈ ಕಟ್ಟಿ ನಿಲ್ಲುವುದು ದುಡಿದವನಿಗೆ ಸುಲಭವಲ್ಲ. ಗಾಳಿಗೆ ಹಾರಿದ ಕಾಗದ ಹೆಕ್ಕಲೂ ಕೈ ಹೋಗುತ್ತಿತ್ತು, ತಡೆದುಕೊಳ್ಳುತ್ತಿದ್ದೆ. ಒಮ್ಮೆ ಕಾರಕೂನ ಬಹಳ ಸಲಿಗೆಯಿಂದ, "ಸುಮ್ಮನ ನಿಂತೀಯಲ್ಲ, ಆ ಲಾಂದರ ಒರಸಿ ಇಡು" ಅಂದ. "ಒರಸಾಂವ ಬರಲಿ ತಡೀರಿ," ಅಂದೆ. ಅವನ ಮುಖ ಹುಳ್ಳಗಾಯಿತು.

ನನ್ನ ಹಳೆಯ ಗಾಡಿಯ ಡ್ರೈವರು ಸವಣೂರಿನ ಹಿರಿಯ ಮನುಷ್ಯ, ಎಲ್ಲರೂ ಚಾಚಾ ಅನ್ನುತ್ತಿದ್ದೆವು. ಎಷ್ಟೋ ರಾತ್ರಿ ದುಂಡಸಿಯಲ್ಲಿ ಇಬ್ಬರೂ ಒಂದೇ ಬುಟ್ಟಿಯ ರೊಟ್ಟಿ ತಿಂದವರು. ಅವರು ದೂರದಿಂದಲೇ ಕೈ ಎತ್ತಿ ಹೋಗುತ್ತಿದ್ದರು. ಒಂದು ದಿನ ತಾವೇ ಬಂದು, ನಾಲ್ಕು ಮಾರು ಆಚೆ ನಿಂತು ಹೇಳಿದರು:

"ಸುಳ್ಳ ಯಾಕ ಹೇಳ್ಲಿ ತಮ್ಮಾ, ನನಗ ಅಂಜಿಕಿ ಐತಿ. ಮನ್ಯಾಗ ಸಣ್ಣ ಮೊಮ್ಮಕ್ಕಳದಾವು."

ಎದೆಯೊಳಗೆ ಚುಳ್ಳೆಂದಿತು. ಆದರೂ ಅಷ್ಟು ದಿನದಲ್ಲಿ ಯಾರೋ ಒಬ್ಬರು ನೇರ ಮಾತಾಡಿದರಲ್ಲ ಎಂದು ಸಮಾಧಾನವೂ ಆಯಿತು. "ಅಂಜಿಕಿಗೆ ಔಷಧ ಐತಿ ಚಾಚಾ. ಪಾಪ ಅನ್ನೂದಕ್ಕ ಇಲ್ಲ," ಅಂದೆ.

ಔಷಧ ನಾನು ಕೋಣೆಯಲ್ಲಿ ತಯಾರು ಮಾಡುತ್ತಿದ್ದೆ. ಎಲೆ-ಅಡಿಕೆ ಚೀಲದಲ್ಲಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿ ತಿಕ್ಕಿ ತೊಳೆದು, ಅದರಲ್ಲಿ ಅರಳೆಯ ಉಂಡೆ ಇಟ್ಟು ನೀರು ಹನಿಸಿದೆ. ಹಳೆಯ ಕಾಗದ ಟಿಕೆಟ್ಟಿನ ಅಳತೆಗೆ ಕತ್ತರಿಸಿ ಕಟ್ಟು ಮಾಡಿ, ಡಬ್ಬಿಗೆ ಬೆರಳು ಒತ್ತಿ ಹರಿಯುವುದನ್ನು ಕಲಿಯತೊಡಗಿದೆ. ಬೆರಳು ಮಾತು ಕೇಳಬೇಕಲ್ಲ! ಮೂರು ಸಲ ಡಬ್ಬಿಗೆ ಹೋದರೆ ನಾಲ್ಕನೆಯ ಸಲ ಬಾಯಿಗೇ. ಕೊನೆಗೆ ಮೊಲೆ ಬಿಡಿಸುವ ತಾಯಂದಿರ ಉಪಾಯ ಮಾಡಿದೆ. ಬೇವಿನೆಲೆ ಅರೆದು ಹೆಬ್ಬೆರಳಿಗೆ ಬಳಿದುಕೊಂಡೆ. ಕಹಿ ತಿಂದು ತಿಂದು ನಾಲಿಗೆಗೇ ಬುದ್ಧಿ ಬಂತು, ಬೆರಳು ಹತ್ತಿರ ಬಂದರೆ ಬಾಯಿ ತಾನಾಗಿ ಮುಚ್ಚತೊಡಗಿತು.

ಡಬ್ಬಿಯನ್ನು ಸಾಹೇಬರಿಗೆ ತೋರಿಸಿದೆ. ಅವರಿಗೆ ಮೆಚ್ಚಿಕೆಯಾಯಿತು ಅನಿಸಿತು. ಆದರೆ ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಇದು ಎಲ್ಲಾ ಕಂಡಕ್ಟರರಿಗೂ ಹುಕುಂ ಆಗಬೇಕ್ರಿ. ನನ್ನ ಒಬ್ಬನ ಕೈಯಾಗ ಡಬ್ಬಿ ಇದ್ರ ಅದು ರೋಗಿ ಕೊರಳಿನ ಗಂಟಿ ಆಕೈತಿ. ಯಾರ ಎದ್ಯಾಗ ಏನೈತಿ ಅಂತ ನಿಮಗೇನ ಗೊತ್ತು? ನಾ ಪರೀಕ್ಷಾ ಮಾಡಿಸಿಕೊಂಡ ಬಂದಾಂವ. ಉಳದವರು?"

ಸಾಹೇಬರು ಸಿಟ್ಟಾದರು. "ಮಂದಿ ನಾಲಿಗೀ ಮ್ಯಾಲ ಹುಕುಂ ಹೊರಡಸಾಕ ನನಗ ಅಧಿಕಾರ ಇಲ್ಲ. ಹೋಗು, ನಿಂದ್ರು."

ವಾರ ಮೀರಿತು. ಬಿಸಿಲು ಏರಿತ್ತು. ಒಂದು ಮಧ್ಯಾಹ್ನ ಗೇಟಿನವನಿಗೆ ಹೊಟ್ಟೆ ಕೆಟ್ಟು ಅವನು ಚೊಂಬು ಹಿಡಿದು ಹಿಂದಿನ ಹೊಲಕ್ಕೆ ಹೋಗಿದ್ದ. ಅದೇ ಹೊತ್ತಿಗೆ ಹಾನಗಲ್ಲಿನ ಗಾಡಿ ಬಂದು ಗೇಟಿನ ಹೊರಗೆ ನಿಂತಿತು. ರೇಡಿಯೇಟರ್ ಕುದಿದು ಹಬೆ ಬುಸುಗುಡುತ್ತಿತ್ತು. ಡ್ರೈವರು ಒಂದೇ ಸಮನೆ ಹಾರ್ನು ಒತ್ತಿದ. ಗೇಟಿಗೆ ಎಲ್ಲರಿಗಿಂತ ಹತ್ತಿರ ನಿಂತವನು ನಾನು.

"ಏ, ಗೇಟ ತೆಗಿಯೋ!" ವರ್ಕ್‌ಶಾಪಿನಿಂದ ಕೂಗಿದರು.

ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

ಹಾರ್ನು ಮತ್ತೆ ಕೂಗಿತು. ಕುದಿಯುವ ಎಂಜಿನ್ನು ಕೆಟ್ಟು ನಿಂತರೆ ಯಾರ ತಲೆಗೆ ಬರುತ್ತದೆಂದು ನನಗೆ ತಿಳಿಯದೆ? ಹೆಜ್ಜೆ ಎತ್ತಿ ಅಗಳಿ ಸರಿಸಿದರೆ ಮುಗಿಯಿತು. ಕಾಲು ತಾನಾಗಿ ಮುಂದೆ ಹೋಗಲು ನೋಡಿತು. ಹೋದರೆ ಅದೇ ನನ್ನ ಸಹಿ. ಅಲ್ಲಾಡಲಿಲ್ಲ.

ಕಾರಕೂನ ಮೆಟ್ಟಿಲಿಗೆ ಓಡಿ ಬಂದ. "ಕೈ ಮುರದಾವೇನೋ ನಿನ್ನವು?"

"ಕೈ ಗಟ್ಟಿ ಅದಾವ್ರಿ. ಅದಕ್ಕ ಟಿಕೀಟ ಹರಿಯಾಕ ಬಂದೇನಿ. ಅಷ್ಟು ಅವಸರ ಇದ್ರ ನೀವ ತೆಗೀರಿ."

ಕಾರಕೂನ ಗೇಟು ತೆಗೆಯುವುದುಂಟೇ! ಅವನು ಅಲ್ಲೇ ನಿಂತ. ಮಿಸ್ತ್ರಿ ತನ್ನ ಕೆಲಸವಲ್ಲವೆಂದು ನಿಂತ. ಇಡೀ ಡಿಪೋ ತಮ್ಮ ತಮ್ಮ ಮರ್ಯಾದೆ ಹಿಡಿದುಕೊಂಡು ನಿಂತಿತ್ತು, ಮರ್ಯಾದೆ ಬಿಡಬೇಕಾದವನು ನಾನೊಬ್ಬ ಎಂಬ ಹಾಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ಸಾಹೇಬರು ಒಳಗಿನಿಂದ ಬಂದರು. ನೆಟ್ಟಗೆ ಹೋಗಿ, ಅಗಳಿ ಸರಿಸಿ, ಕಿರುಗುಟ್ಟುವ ಕಬ್ಬಿಣದ ಗೇಟನ್ನು ತಾವೇ ಎಳೆದರು. ಗಾಡಿ ಒಳಗೆ ಬಂತು. ಎಲ್ಲರೂ ನೆಲ ನೋಡಿದರು.

ಸಾಹೇಬರು ಕೈಗೆ ಹತ್ತಿದ ತುಕ್ಕು ಒರೆಸಿಕೊಳ್ಳುತ್ತ ನನ್ನ ಮುಂದೆ ಬಂದು ನಿಂತರು. ಹೊಡೆಯುತ್ತಾರೆ ಅಂದುಕೊಂಡೆ.

"ಕಂಡಕ್ಟರ ನಿಂತಾನ, ಸಾಹೇಬ ಗೇಟ ತೆಗ್ಯಾಕತ್ತಾನ. ಮ್ಯಾಲಿನವರು ಕೇಳಿದ್ರ ನಾ ಏನಂತ ಹೇಳ್ಲಿ?" ಅಂದರು. ಆಮೇಲೆ ಕಾರಕೂನನ ಕಡೆ ತಿರುಗಿ, "ನಾಳೆ ದುಂಡಸಿ ವಸ್ತಿಗೆ ಇವನ ಹೆಸರ ಬರಿ." ಮತ್ತೆ ನನಗೆ, "ಒಂದ ತಕರಾರು ಬರಲಿ, ಆಮ್ಯಾಲ ನೀ ಅದಿ, ನಾ ಅದೇನಿ."

ನನ್ನ ಹೆಸರು ಕರಿಹಲಗೆಯ ಮೇಲೆ ಬಂತು. ಅಂದು ಸಂಜೆ ಅದನ್ನು ಇನ್ನೂ ಓದದವನ ಹಾಗೆ ಮತ್ತೆ ಮತ್ತೆ ಹೋಗಿ ನೋಡಿದೆ, ನಾಚಿಕೆ ಇಲ್ಲದೆ.

ಮರುದಿನ ಸವಣೂರಿನಿಂದ ಶಿಗ್ಗಾಂವಿಯವರೆಗೆ ತೊಂದರೆಯಾಗಲಿಲ್ಲ. ಅಲ್ಲಿಯವರಿಗೆ ನನ್ನ ಸುದ್ದಿ ಗೊತ್ತಿರಲಿಲ್ಲ. ಶಿಗ್ಗಾಂವಿಯಲ್ಲಿ ಸಂತೆ ಮುಗಿಸಿದ ದುಂಡಸಿಯ ಜನ ಹತ್ತಿದರು. ನನ್ನನ್ನು ಕಂಡೊಡನೆ ಗಾಡಿಯಲ್ಲಿ ಮಾತು ನಿಂತಿತು. ಯಾರೂ ಇಳಿಯಲಿಲ್ಲ, ಅದೇ ಕೊನೆಯ ಬಸ್ಸು. ಊರು ದಾಟಿದ ಮೇಲೆ ನಾನು ಟ್ರೇ ಹಿಡಿದು ಮೊದಲ ಸೀಟಿಗೆ ಹೋದೆ. ಅಲ್ಲಿದ್ದವನು ರೊಕ್ಕವನ್ನು ಸೀಟಿನ ಮೇಲಿಟ್ಟು ಕೈ ಹಿಂದೆಗೆದ.

"ರೊಕ್ಕ ತಗೋ. ಟಿಕೀಟ ನೀನ ಇಟಗೋ."

ಎರಡನೆಯವನೂ ಅದನ್ನೇ ಅಂದ, ಮೂರನೆಯವನೂ. ಅವರಿಗೆ ಅದು ಉಪಾಯ, ನನಗೆ ಉರುಲು. ದಾರಿಯಲ್ಲಿ ತಪಾಸಣೆಯವರು ಗಾಡಿ ನಿಲ್ಲಿಸಿದರೆ, ರೊಕ್ಕ ಇಸಿದುಕೊಂಡು ಟಿಕೆಟ್ ಕೊಡದ ಕಂಡಕ್ಟರ್ ಅಂದರೆ ಕಳ್ಳ. ರೋಗ ತೆಗೆಯಲಾರದ ನೌಕರಿಯನ್ನು ಕಳ್ಳತನದ ಹೆಸರು ಒಂದೇ ದಿನದಲ್ಲಿ ತೆಗೆಯುತ್ತದೆ. ನಾನು ಹಗ್ಗ ಜಗ್ಗಿ ಗಂಟೆ ಹೊಡೆದೆ. ಚಾಚಾ ಗಾಡಿ ನಿಲ್ಲಿಸಿ ತಿರುಗಿ ನೋಡಿದರು. ಎರಡೂ ಕಡೆ ಹೊಲ, ಹೊತ್ತು ಇಳಿಯುತ್ತಿತ್ತು.

"ಎಲ್ಲಾರೂ ಟಿಕೀಟ ತಗೊಳ್ಳೂತನಕ ಗಾಡಿ ಹೊರಡಾಂಗಿಲ್ಲ," ಅಂದೆ.

ಗದ್ದಲವೆದ್ದಿತು. ಹಿಂದಿನ ಸೀಟಿನ ಹಿರಿಯರೊಬ್ಬರು ಎದ್ದು ನಿಂತು, "ನಿನ್ನ ರೋಗಕ್ಕ ನಾವು ಯಾಕ ಸಾಯಬೇಕೋ?" ಅಂದರು. ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟನ್ನು ಮುಂದೆ ಬಿಟ್ಟೆ.

"ರೋಗ ದವಾಖಾನಿ ಒಳಗ ಬಿಟ್ಟ ಬಂದೇನ್ರಿ. ಹೆಬ್ಬಟ್ಟ ಇಲ್ಲಿ ಡಬ್ಬಿಗೆ ಒತ್ತತೇನಿ, ನೋಡ್ರಿ. ಬಾಯಿಗೆ ಹೋಗಿದ್ದು ಒಮ್ಮಿ ಕಂಡ್ರ ಇಲ್ಲೇ ನನ್ನ ಇಳಿಸಿ ಹೋಗ್ರಿ. ಆದ್ರ ಟಿಕೀಟ ಇಲ್ಲದ ರೊಕ್ಕ ನಾ ಮುಟ್ಟಾಂಗಿಲ್ಲ!"

ಯಾರೂ ಕೈ ಚಾಚಲಿಲ್ಲ. ಆಗ ನಡುವಿನ ಸೀಟಿನಿಂದ ಒಂದು ದನಿ ಬಂತು: "ಇಲ್ಲೆ ತಾರೋ ತಮ್ಮಾ. ನನ್ನ ಎಮ್ಮಿ ಹಿಂಡೂ ಹೊತ್ತಾತು."

ದುಂಡಸಿಯಲ್ಲಿ ವಸ್ತಿ ಗಾಡಿಯವರಿಗೆ ರೊಟ್ಟಿ ಕೊಡುವ ಮನೆಯ ಅವ್ವ. ಆ ಊರಿನ ರೂಢಿ ಅದು, ವಸ್ತಿಗೆ ಬಂದವರು ಹಸಿದು ಮಲಗಬಾರದು. ಸಂತೆಯಲ್ಲಿ ಕೊಂಡ ಎರಡು ಗಡಿಗೆಗಳನ್ನು ಗಾಡಿಯ ಕುಲುಕಾಟಕ್ಕೆ ಒಡೆಯದಂತೆ ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದಳು. ರೊಕ್ಕ ಸೆರಗಿನ ಗಂಟಿನಲ್ಲಿತ್ತು, ಪಕ್ಕದವಳಿಂದ ಬಿಚ್ಚಿಸಿ ಕೊಡಿಸಿದಳು. ನಾನು ಡಬ್ಬಿಗೆ ಬೆರಳೊತ್ತಿ, ಹರಿದು, ಪಂಚ್ ಮಾಡಿ ಟಿಕೆಟ್ ಚಾಚಿದೆ. ಅವ್ವ ಮುಂದೆ ಬಾಗಿ ತುಟಿ ತೆರೆದಳು. ಎರಡೂ ಕೈಯಲ್ಲಿ ಸಾಮಾನು ಇದ್ದಾಗ ನಮ್ಮ ಕಡೆಯ ಹೆಣ್ಣುಮಕ್ಕಳು ಟಿಕೆಟ್ಟನ್ನು ತುಟಿಯಲ್ಲೇ ಹಿಡಿಯುವುದು. ಮುಂಚೆ ಎಷ್ಟು ಸಲ ಹಾಗೆ ಕೊಟ್ಟಿದ್ದೆನೋ.

ಈಗ ಕೈ ಹಿಂದೆ ಸರಿಯಿತು. ಅಂಜಿದವನು ನಾನು.

"ಯಾಕ," ಅಂದಳು ಅವ್ವ, "ನನ್ನ ಬಾಯಿಗೆ ಅಂಜತೀ ಏನ? ಹಲ್ಲ ಎಲ್ಲಾ ಹೋಗ್ಯಾವು, ಕಡಿಯಾಂಗಿಲ್ಲ ಬಾ."

ಯಾರೋ ಕಿಸಕ್ಕೆಂದು ನಕ್ಕರು. ಟಿಕೆಟ್ಟನ್ನು ಅವಳ ತುಟಿಯ ನಡುವೆ ಇಟ್ಟೆ. ಅದನ್ನು ಕಚ್ಚಿಕೊಂಡೇ ಅವಳು ಇಡೀ ಗಾಡಿಯ ಮೇಲೆ ಕಣ್ಣು ಹಾಯಿಸಿದಳು. ಆಮೇಲೆ ಒಬ್ಬಳು ಸೆರಗು ಚಾಚಿ ಅದರಲ್ಲಿ ಹಾಕಿಸಿಕೊಂಡಳು. ಒಬ್ಬ ಉಗುರಿನ ತುದಿಯಿಂದ ಎಳೆದುಕೊಂಡ. ಎದ್ದು ನಿಂತಿದ್ದ ಹಿರಿಯರು ಕರವಸ್ತ್ರ ಹಾಸಿದರು. ಹೇಗಾದರೂ ತಗೊಳ್ಳಲಿ, ತಗೊಂಡರು. ಟಿಕೆಟ್ ಇಲ್ಲದವರು ಒಬ್ಬರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎರಡು ಗಂಟೆ ಹೊಡೆದೆ, ಗಾಡಿ ಹೊರಟಿತು. ಆ ರಾತ್ರಿ ದುಂಡಸಿಯಲ್ಲಿ ರೊಟ್ಟಿ ಬುಟ್ಟಿ ಬಂದಾಗ ಚಾಚಾ ತಮ್ಮ ಪಾಲು ಎತ್ತಿಕೊಂಡು ತುಸು ದೂರ ಕೂತರು. ಆದರೆ ಹಿಂಡಿಪಲ್ಲೆ ಬೇಕಾದಾಗ ಬುಟ್ಟಿಯ ಹತ್ತಿರ ಬರಲೇಬೇಕಾಯಿತು, ಬಂದರು.

ಬೆಳಿಗ್ಗೆ ತಿರುಗಿ ಬಂದು ಟ್ರೇ, ಹಣ ಒಪ್ಪಿಸಿದೆ. ತಕರಾರು ಬಂದಿರಲಿಲ್ಲ. ಡಬ್ಬಿಯ ಹುಕುಂ ಮಾತ್ರ ನಾನು ಇರುವ ತನಕ ಹೊರಡಲೇ ಇಲ್ಲ. ಒಬ್ಬಿಬ್ಬರು ತಾವಾಗಿ ಡಬ್ಬಿ ಇಟ್ಟುಕೊಂಡರು, ಉಳಿದವರು ನೆಕ್ಕುತ್ತಲೇ ಇದ್ದರು.

ಅಂದು ಕ್ಯಾಂಟೀನಿಗೆ ಹೋದರೆ ಕ್ಯಾಂಟೀನಿನವನು ನಗುತ್ತ ಗಾಜಿನ ಗ್ಲಾಸಿನಲ್ಲಿ ಚಹಾ ಹೊಯ್ದು ಮುಂದೆ ಇಟ್ಟ. "ತಗೋರಿ. ದುಂಡಸಿ ಗೆದ್ದ ಬಂದ್ರಿ, ಇನ್ನ ನೀವು ನಮ್ಮವರು."

ಗೋಡೆಯ ಮೊಳೆ ನೋಡಿದೆ. ಅಂಚು ಒಡೆದ ಕಪ್ಪು ತನ್ನ ಜಾಗಕ್ಕೆ ಮರಳಿತ್ತು. ನಮ್ಮ ಗಾಡಿಯ ಚಕ್ರ ತೊಳೆಯುತ್ತಿದ್ದವನೂ ನೋಡಿದ. ಕೈ ಒರೆಸಿಕೊಂಡು ಬಂದು ನನ್ನ ಪಕ್ಕಕ್ಕೆ ನಿಂತು, ಕ್ಯಾಂಟೀನಿನವನಿಗೆ ಮೆಲ್ಲಗೆ ಹೇಳಿದ: "ನನಗೂ ಗ್ಲಾಸಿನ್ಯಾಗ ಹಾಕ್ರಿ."

ಕ್ಯಾಂಟೀನಿನವನು ನೀನಾದರೂ ಇವನಿಗೆ ಬುದ್ಧಿ ಹೇಳು ಎಂಬಂತೆ ನನ್ನ ಮುಖ ನೋಡಿದ. ನಾನು ಗ್ಲಾಸು ಕೆಳಗಿಟ್ಟೆ.

"ಅವರಿಗೂ ಹಾಕ್ರಿ. ಜೋಡಿಲೆ ಕುಡೀತೇವಿ."

"ಹಂಗಾರ ಬಾಳ ಹೊತ್ತ ನಿಂದರಬೇಕಾಕೈತಿ ನೋಡ್ರಿ," ಅಂದ ಕ್ಯಾಂಟೀನಿನವನು, ಮುಖ ಗಂಟು ಹಾಕಿಕೊಂಡು.

ಪಕ್ಕದವನು ನಕ್ಕ. "ನಿಂದ್ರೂದು ಇವರಿಗೇನು ಹೊಸದಲ್ಲ ಬಿಡ್ರಿ. ನನಗಂತೂ ಅಲ್ಲವೇ ಅಲ್ಲ."

ಚಹಾ ಆರಿ ಮೇಲೆ ಕೆನೆ ಕಟ್ಟಿತು. ಇಬ್ಬರೂ ನಿಂತೆವು.